ಬಾವಿ, ಬೋರ್ ಇರುವ ಮನೆಯಲ್ಲಿ ನಲ್ಲಿ ನೀರಿಗೆ ಫೋರ್ಸ್ ಇಲ್ಲವೇ? ಹೀಗೆ ಹುಡುಕಿ

ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಮೊದಲು ಬೈಸಿಕೊಳ್ಳುವುದು ಮೋಟ್ರು. ‘ಒಂದು ಹೆಚ್‌ಪಿ ಸಾಲಲ್ಲ, ಒಂದೂವರೆ ಹಾಕಿಸಿ’ ಅಂತ ಪಕ್ಕದ ಮನೆಯವರೂ ಸಲಹೆ ಕೊಡುತ್ತಾರೆ. ಆದರೆ ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಮೋಟ್ರಿನ ಕೆಲಸ ಬಾವಿಯ ನೀರನ್ನು ತಾರಸಿಯ ಟ್ಯಾಂಕಿಗೆ ಎತ್ತುವುದು, ಅಷ್ಟೇ. ನೀವು ಬಚ್ಚಲಲ್ಲಿ ನಲ್ಲಿ ತಿರುಗಿಸುವಾಗ ಮೋಟ್ರು ಆಫ್ ಆಗಿಯೇ ಇರುತ್ತದೆ, ಅಲ್ವಾ? ಆಗ ನೀರನ್ನು ತಳ್ಳುವುದು ಟ್ಯಾಂಕಿನ ಎತ್ತರ. ದೊಡ್ಡ ಮೋಟ್ರು ಹಾಕಿದರೆ ಟ್ಯಾಂಕ್ ಬೇಗ ತುಂಬಬಹುದು. ಶವರಿನಲ್ಲಿ ಒಂದು ಹನಿಯೂ ಜಾಸ್ತಿ ಬರುವುದಿಲ್ಲ.

ಹಾಗಾಗಿ ಹುಡುಕಾಟವನ್ನು ಟ್ಯಾಂಕಿನಿಂದಲೇ ಶುರು ಮಾಡಿ.

1. ಟ್ಯಾಂಕಿನ ಮುಚ್ಚಳ ತೆಗೆದು ನೋಡಿ

ತಾರಸಿಗೆ ಹೋಗಿ ಟ್ಯಾಂಕ್ ತುಂಬಿದೆಯಾ ನೋಡಿ. ತುಂಬಿದ್ದೂ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದ್ದರೆ ತೊಂದರೆ ಟ್ಯಾಂಕಿನಿಂದ ಕೆಳಗಿದೆ. ಬಾವಿ, ಮೋಟ್ರು ಎರಡನ್ನೂ ಮರೆತುಬಿಡಿ. ಟ್ಯಾಂಕೇ ತುಂಬುತ್ತಿಲ್ಲ, ಅಥವಾ ಮೊದಲು ಅರ್ಧ ಗಂಟೆಯಲ್ಲಿ ತುಂಬುತ್ತಿದ್ದದ್ದು ಈಗ ಒಂದೂವರೆ ಗಂಟೆ ಹಿಡಿಯುತ್ತಿದೆ ಅಂದರೆ ತೊಂದರೆ ಬಾವಿಯ ಕಡೆಗಿದೆ. ಆಗ ತೆರೆದ ಬಾವಿಯಾದರೆ ನೇರ 6ನೇ ಹಂತಕ್ಕೆ, ಬೋರ್ ಆದರೆ 7ನೇ ಹಂತಕ್ಕೆ ಹೋಗಿ.

ಟ್ಯಾಂಕಿಗೆ ಬೀಳುವ ನೀರನ್ನು ಅಳೆಯುವುದು ಸುಲಭ. ಮೋಟ್ರು ಹಾಕಿ, ಟ್ಯಾಂಕಿನೊಳಗೆ ಪೈಪಿನ ಬಾಯಿಗೆ 20 ಲೀಟರಿನ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡ್ ಬೇಕು ನೋಡಿ. 30 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 40 ಲೀಟರ್. ಅಂದರೆ ಸಾವಿರ ಲೀಟರಿನ ಟ್ಯಾಂಕಿಗೆ 25 ನಿಮಿಷ. ಎಲ್ಲ ಸರಿ ಇರುವಾಗಲೇ ಹೀಗೆ ಒಮ್ಮೆ ಅಳೆದು ಸ್ಟಾರ್ಟರ್ ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಬರೆದಿಡಿ. ನಾಳೆ ‘ಮೊದಲಿಗಿಂತ ಕಡಿಮೆ ಅನ್ನಿಸುತ್ತೆ’ ಅಂತ ಅನುಮಾನ ಬಂದರೆ ಅದೊಂದು ಅಂಕಿ ಸಾಕು.

2. ಒಂದೇ ನಲ್ಲಿಯಾ, ಎಲ್ಲವೂ ಹೀಗೇನಾ?

ಮನೆಯ ಎಲ್ಲ ನಲ್ಲಿಗಳನ್ನೂ ಒಂದೊಂದಾಗಿ ತೆರೆದು ನೋಡಿ. ಒಟ್ಟಿಗೆ ತೆರೆಯಬೇಡಿ, ಲೆಕ್ಕ ತಪ್ಪುತ್ತದೆ.

ಒಂದೇ ನಲ್ಲಿ ಸಣ್ಣಗಿದ್ದರೆ ಖುಷಿಪಡಿ, ಇದು ಹತ್ತು ನಿಮಿಷದ ಕೆಲಸ. ಹೊಸ ನಲ್ಲಿಗಳ ಮೂತಿಯಲ್ಲಿ ಸಣ್ಣ ಜಾಲರಿ ಇರುತ್ತದೆ. ಬಟ್ಟೆ ಸುತ್ತಿ ಕೈಯಲ್ಲೇ ಅಥವಾ ಇಕ್ಕಳದಲ್ಲಿ ಮೆಲ್ಲಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಬಾವಿ ನೀರಾದರೆ ಅದರಲ್ಲಿ ಮರಳು, ಪಾಚಿಯ ಚೂರು, ಒಮ್ಮೊಮ್ಮೆ ಟೆಫ್ಲಾನ್ ಟೇಪಿನ ತುಣುಕೂ ಸಿಗುತ್ತದೆ. ಬೋರ್ ನೀರಾದರೆ ಬಿಳಿ ಹಕ್ಕಳೆ ಕಟ್ಟಿರುತ್ತದೆ. ಜಾಲರಿ ಇಲ್ಲದೆ ನಲ್ಲಿ ತೆರೆದು ನೋಡಿ. ಫೋರ್ಸ್ ವಾಪಸ್ ಬಂದರೆ ಕಾರಣ ಸಿಕ್ಕಿತು. ಜಾಲರಿಯನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ಒಂದೆರಡು ಗಂಟೆ ನೆನೆಹಾಕಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ ಮತ್ತೆ ಹಾಕಿ. ಶವರಿನ ತೂತುಗಳಿಗೂ ಇದೇ ಮದ್ದು. ಪಿನ್ ಹಾಕಿ ಚುಚ್ಚುವುದು ಬೇಡ, ತೂತು ಅಗಲವಾಗಿ ನೀರು ಅಡ್ಡಾದಿಡ್ಡಿ ಹಾರುತ್ತದೆ.

ಜಾಲರಿ ತೆಗೆದರೂ ಸಣ್ಣಗೇ ಬಂದರೆ ಗೋಡೆಯ ಬುಡದಲ್ಲಿರುವ ಆಂಗಲ್ ವಾಲ್ವ್ ನೋಡಿ. ಮನೆ ಒರೆಸುವಾಗಲೋ ಪ್ಲಂಬರ್ ಬಂದು ಹೋದಾಗಲೋ ಅದು ಅರ್ಧ ಮುಚ್ಚಿಕೊಂಡಿರುತ್ತದೆ. ಪೂರ್ತಿ ತೆರೆಯಿರಿ. ವಾಷಿಂಗ್ ಮೆಷಿನ್‌ಗೆ ಮಾತ್ರ ನೀರು ಬರುತ್ತಿಲ್ಲ ಅಂದರೆ ಪೈಪು ಮೆಷಿನ್‌ಗೆ ಸೇರುವ ಜಾಗದ ಜಾಲರಿ ತೊಳೆಯಿರಿ.

ತಣ್ಣೀರು ಸರಿ ಬಂದು ಬಿಸಿನೀರು ಮಾತ್ರ ಸಣ್ಣಗೆ ಬಂದರೆ ಗೀಸರ್ ಅಥವಾ ಸೋಲಾರ್ ಕಡೆ ನೋಡಬೇಕು. ಗಡಸು ನೀರಿನ ಊರುಗಳಲ್ಲಿ ಗೀಸರಿನ ಒಳಗೂ ಬಾಯಲ್ಲೂ ಹಕ್ಕಳೆ ಕಟ್ಟುತ್ತದೆ. ಇದನ್ನು ಸರ್ವೀಸಿನವರಿಂದಲೇ ಮಾಡಿಸಿ. ಗೀಸರ್ ಕೆಳಗಿನ ಸೇಫ್ಟಿ ವಾಲ್ವ್ ಹನಿ ಬಿಡುತ್ತದೆ ಅಂತ ಅದಕ್ಕೆ ಬಿರಡೆ ಹಾಕುವ ಮಹಾನುಭಾವರಿದ್ದಾರೆ. ದಯವಿಟ್ಟು ಬೇಡ, ಗೀಸರಿನ ಟ್ಯಾಂಕ್ ಸಿಡಿಯಬಹುದು. ಸೋಲಾರ್ ಆದರೆ ತಣ್ಣೀರು ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿಗಿಂತ ಮೇಲಿರಬೇಕು. ತಣ್ಣೀರು ಟ್ಯಾಂಕ್ ತುಂಬಿದ್ದಾಗ ಮಾತ್ರ ಬಿಸಿನೀರು ಚೆನ್ನಾಗಿ ಬರುತ್ತದೆ, ಅರ್ಧವಾದ ಕೂಡಲೇ ಸೊರಗುತ್ತದೆ ಅಂದರೆ ಎತ್ತರದ ಲೆಕ್ಕ ತಪ್ಪಿದೆ ಅಂತಲೇ ಅರ್ಥ.

3. ಎಲ್ಲ ನಲ್ಲಿಯೂ ಸಣ್ಣಗಿದ್ದರೆ ಟ್ಯಾಂಕಿನ ಬುಡ ನೋಡಿ

ಟ್ಯಾಂಕಿನಿಂದ ಮನೆಗೆ ಇಳಿಯುವ ಪೈಪಿನಲ್ಲಿ ಗೇಟ್ ವಾಲ್ವ್ ಇರುತ್ತದೆ. ಹಳೇ ಹಿತ್ತಾಳೆ ವಾಲ್ವ್‌ಗಳಲ್ಲಿ ಒಂದು ಮೋಸವಿದೆ. ಒಳಗಿನ ಕಡ್ಡಿ ತುಂಡಾಗಿ, ಮೇಲಿನ ಚಕ್ರ ಮಾತ್ರ ಆರಾಮಾಗಿ ತಿರುಗುತ್ತಿರುತ್ತದೆ. ನಿಮಗೆ ‘ಪೂರ್ತಿ ತೆರೆದಿದೆ’ ಅನ್ನಿಸುತ್ತದೆ, ಒಳಗೆ ನೀರು ತಡೆಯುವ ತಟ್ಟೆ ಕೆಳಗೇ ಕೂತಿರುತ್ತದೆ. ಚಕ್ರ ತಿರುಗಿಸಿದಷ್ಟೂ ತಿರುಗುತ್ತಿದ್ದರೆ, ಎಲ್ಲೂ ಬಿಗಿ ಸಿಗದಿದ್ದರೆ ವಾಲ್ವ್ ಹೋಗಿದೆ. ಆ ಜಾಗಕ್ಕೆ ಬಾಲ್ ವಾಲ್ವ್ ಹಾಕಿಸಿ. ಅದರ ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಯಾರಿಗಾದರೂ ಗೊತ್ತಾಗುತ್ತದೆ.

ವಾಲ್ವ್ ಸರಿಯಿದ್ದರೆ ಟ್ಯಾಂಕಿನ ತಳ ನೋಡಿ. ಹೂಳು ಪೈಪಿನ ಬಾಯಿಯ ಮಟ್ಟಕ್ಕೆ ಬಂದಿದ್ದರೆ ಟ್ಯಾಂಕ್ ತೊಳೆಯಲೇಬೇಕು. ತೊಳೆಯುವಾಗ ಕೊಳಕು ನೀರನ್ನು ಮನೆಯ ಲೈನಿಗೆ ಬಿಡಬೇಡಿ. ಟ್ಯಾಂಕ್ ಖಾಲಿ ಮಾಡಲೆಂದೇ ತಳದಲ್ಲಿರುವ ವಾಷ್‌ಔಟ್ ಪೈಪಿನಿಂದ ಹೊರಗೆ ಬಿಡಿ. ಇಲ್ಲದಿದ್ದರೆ ಆ ಕೆಸರೆಲ್ಲ ಇಳಿದು ಎಲ್ಲ ನಲ್ಲಿಗಳ ಜಾಲರಿಯಲ್ಲಿ ಕೂರುತ್ತದೆ.

4. ಗಾಳಿ ಕಟ್ಟಿದೆಯೇ?

ಟ್ಯಾಂಕ್ ಒಮ್ಮೆ ಪೂರ್ತಿ ಖಾಲಿಯಾಗಿತ್ತು, ಅಥವಾ ತೊಳೆದಿದ್ದಿರಿ. ಮತ್ತೆ ತುಂಬಿಸಿದ ಮೇಲೆ ಕೆಲವು ನಲ್ಲಿಗಳಲ್ಲಿ ನೀರೇ ಇಲ್ಲ, ಅಥವಾ ಬುಸ್ ಬುಸ್ ಅಂತ ಉಗುಳಿ ನಿಂತುಬಿಡುತ್ತದೆ. ಪೈಪಿನೊಳಗೆ ಗಾಳಿ ಸಿಕ್ಕಿಕೊಂಡಿದೆ. ತಾರಸಿಯ ಮೇಲೆ ಪೈಪು ಎಲ್ಲಾದರೂ ಗೋಡೆ ಹತ್ತಿ ಇಳಿದಿದ್ದರೆ, ಅಂಥ ಉಬ್ಬಿನಲ್ಲಿ ಗಾಳಿ ಕೂತು ನೀರಿಗೆ ದಾರಿ ಬಿಡುವುದಿಲ್ಲ. ಟ್ಯಾಂಕಿನಿಂದ ಬರುವ ಒತ್ತಡವೇ ಕಡಿಮೆ, ಅದಕ್ಕೆ ಈ ಗಾಳಿಯನ್ನು ದೂಡುವ ತಾಕತ್ತಿಲ್ಲ.

ಮೊದಲು ಟ್ಯಾಂಕ್ ಪೂರ್ತಿ ತುಂಬಿಸಿ. ಎಲ್ಲ ನಲ್ಲಿಗಳನ್ನೂ ತೆರೆಯಿರಿ. ಸ್ವಲ್ಪ ಹೊತ್ತು ಬಿಟ್ಟು, ಎಲ್ಲಕ್ಕಿಂತ ಕೆಳಗಿನ ನಲ್ಲಿಯಿಂದ ಶುರುಮಾಡಿ ಒಂದೊಂದಾಗಿ ಮೇಲಕ್ಕೆ ಮುಚ್ಚುತ್ತಾ ಬನ್ನಿ. ಎಷ್ಟೋ ಸಲ ಇಷ್ಟಕ್ಕೇ ಸರಿಯಾಗುತ್ತದೆ.

ಆಗದಿದ್ದರೆ ಹಿಂದಿನಿಂದ ನೀರು ತಳ್ಳಬೇಕು. ಮೋಟ್ರಿನಿಂದ ಟ್ಯಾಂಕಿಗೆ ಹೋಗುವ ಡೆಲಿವರಿ ಪೈಪಿನಲ್ಲಿ ಗಿಡಗಳಿಗೆ ಅಂತ ಒಂದು ನಲ್ಲಿ ಇರುತ್ತದಲ್ಲ, ಅದಕ್ಕೆ ತೋಟದ ಪೈಪು ಸಿಕ್ಕಿಸಿ. ಇನ್ನೊಂದು ತುದಿಯನ್ನು ನೀರು ಬಾರದ ನಲ್ಲಿಗೆ ಬಿಗಿಯಾಗಿ ಹಿಡಿದು, ಆ ನಲ್ಲಿ ತೆರೆದು, ಮೋಟ್ರು ಹಾಕಿ. ಗಿಡದ ನಲ್ಲಿಯನ್ನು ಸ್ವಲ್ಪ ಸ್ವಲ್ಪವೇ ತೆರೆಯಿರಿ. ಒಂದೆರಡು ನಿಮಿಷದಲ್ಲಿ ತಾರಸಿಯ ಟ್ಯಾಂಕಿನಲ್ಲಿ ಗುಳುಗುಳು ಅಂತ ಗುಳ್ಳೆ ಏಳುತ್ತವೆ. ಗಾಳಿ ಹೊರಗೆ ಬಂತು. ಹೀಗೆ ಮಾಡುವಾಗ ಟ್ಯಾಂಕಿಗೆ ಹೋಗುವ ಮುಖ್ಯ ಲೈನ್ ಮುಚ್ಚಿರಲೇಬಾರದು. ಬೋರ್ ಮೋಟ್ರಿನ ಪೂರ್ತಿ ಒತ್ತಡ ಗೋಡೆಯೊಳಗಿನ ಪೈಪಿನ ಮೇಲೆ ಬಿದ್ದರೆ ಜಾಯಿಂಟ್ ಬಿಟ್ಟುಕೊಳ್ಳುತ್ತದೆ.

ಪದೇ ಪದೇ ಗಾಳಿ ಕಟ್ಟುತ್ತಿದ್ದರೆ ಟ್ಯಾಂಕಿನ ಗೇಟ್ ವಾಲ್ವ್ ದಾಟಿದ ಕೂಡಲೇ ಒಂದು ಟಿ ಜಾಯಿಂಟ್ ಹಾಕಿಸಿ, ಅಲ್ಲಿಂದ ಒಂದು ಪೈಪನ್ನು ಟ್ಯಾಂಕಿನ ತಲೆಗಿಂತ ಎತ್ತರಕ್ಕೆ ನಿಲ್ಲಿಸಿ. ಬಾಯಿ ತೆರೆದಿರಲಿ, ಆದರೆ ಕಸ ಬೀಳದ ಹಾಗೆ ಕೆಳಮುಖವಾಗಿ ಬಗ್ಗಿಸಿ ಜಾಲರಿ ಕಟ್ಟಿ. ಮನೆ ಕಟ್ಟುವಾಗಲೇ ಹಾಕಬೇಕಾದದ್ದು ಇದು. ಸುಮ್ನೆ ಬಿಟ್ಟುಬಿಡುತ್ತಾರೆ.

5. ಪೈಪಿನ ದಪ್ಪ, ಟ್ಯಾಂಕಿನ ಎತ್ತರ

ಹಳೇ ಮನೆಗಳ ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು, ಒಳಗಿಂದ ತುಕ್ಕು ಹಿಡಿಯುತ್ತದೆ. ಅರ್ಧ ಇಂಚಿನ ಪೈಪು ತುಂಡು ಮಾಡಿ ನೋಡಿದರೆ ಪೆನ್ಸಿಲ್ ತೂರುವಷ್ಟು ಜಾಗ ಉಳಿದಿರುವುದೂ ಉಂಟು. ಬೆಳಗ್ಗೆ ಮೊದಲ ನೀರು ಕೆಂಪಗೆ ಬರುತ್ತಿದ್ದರೆ ಅನುಮಾನವೇ ಬೇಡ. ಇದಕ್ಕೆ ಔಷಧಿ ಇಲ್ಲ, ಪೈಪು ಬದಲಿಸಬೇಕು. ಬದಲಿಸುವಾಗ ಟ್ಯಾಂಕಿನಿಂದ ಇಳಿಯುವ ಮುಖ್ಯ ಪೈಪು ಕನಿಷ್ಠ ಒಂದು ಇಂಚು, ಬಚ್ಚಲಿನ ತನಕ ಮುಕ್ಕಾಲು ಇಂಚು, ನಲ್ಲಿಯ ಬಾಯಿಗೆ ಮಾತ್ರ ಅರ್ಧ ಇಂಚು ಇರಲಿ. ಮುಕ್ಕಾಲು ಇಂಚಿನ ಪೈಪಿನ ಬಾಯಿ ಅರ್ಧ ಇಂಚಿನದಕ್ಕಿಂತ ಎರಡೂಕಾಲು ಪಟ್ಟು ದೊಡ್ಡದು.

ಇನ್ನು ಎತ್ತರ. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಅಂದರೆ ಹತ್ತು ಅಡಿಗೆ 0.3 ಬಾರ್. ನಿಮ್ಮ ಟ್ಯಾಂಕ್ ತಾರಸಿಯ ಮೇಲೆ ಮೂರು ಅಡಿ ಕಟ್ಟೆಯ ಮೇಲಿದೆ ಅಂದುಕೊಳ್ಳಿ. ಮೇಲಿನ ಮಹಡಿಯ ಶವರ್ ನೆಲದಿಂದ ಏಳು ಅಡಿ, ತಾರಸಿ ಹತ್ತು ಅಡಿಗೆ. ಟ್ಯಾಂಕಿನ ತಳಕ್ಕೂ ಶವರಿಗೂ ಸಿಗುವುದು ಬರೀ ಆರು ಅಡಿ, ಅಂದರೆ 0.18 ಬಾರ್. ಅದೇ ಗೆರೆಯಲ್ಲಿ ಕೆಳಗಿನ ಮಹಡಿಯ ಶವರಿಗೆ ಹದಿನಾರು ಅಡಿ, ಸುಮಾರು 0.5 ಬಾರ್. ಕೆಳಗಿನ ಬಾಡಿಗೆ ಮನೆಯವರಿಗೆ ಚೆನ್ನಾಗಿ ಬಂದು ಮೇಲಿರುವ ಮನೆ ಯಜಮಾನರಿಗೆ ಬಾರದಿರುವುದು ಇದಕ್ಕೇ. ಅಂಗಡಿಯಲ್ಲಿ ಚಂದ ಕಂಡ ತಟ್ಟೆಯಗಲದ ಶವರ್ 0.18 ಬಾರಿನಲ್ಲಿ ಸೋರುತ್ತದೆಯೇ ಹೊರತು ಸುರಿಯುವುದಿಲ್ಲ. ವಾಷಿಂಗ್ ಮೆಷಿನ್‌ಗಳೂ ಅಷ್ಟೇ. ಅನೇಕವು 0.3ರಿಂದ 0.5 ಬಾರ್ ಕೇಳುತ್ತವೆ.

ಟ್ಯಾಂಕನ್ನು ಇನ್ನೂ ಮೂರು ನಾಲ್ಕು ಅಡಿ ಎತ್ತರಿಸಿದರೆ 0.1 ಬಾರ್ ಸಿಗುತ್ತದೆ. ಕೇಳಲು ಕಡಿಮೆ, ಆದರೆ 0.18ಕ್ಕೆ 0.1 ಸೇರಿದರೆ ಒಂದೂವರೆ ಪಟ್ಟು. ಕರೆಂಟ್ ಬೇಡ, ಸರ್ವೀಸ್ ಬೇಡ. ನನ್ನ ಓಟು ಇದಕ್ಕೇ. ಆದರೆ ಸಾವಿರ ಲೀಟರ್ ನೀರು ಅಂದರೆ ಒಂದು ಟನ್ ಭಾರ. ಸ್ಟ್ಯಾಂಡಿನ ಕಾಲುಗಳು ಪಿಲ್ಲರ್, ಬೀಮಿನ ಮೇಲೆ ಬರಬೇಕು. ಬರೀ ತಾರಸಿಯ ನಡುವೆ ಇಟ್ಟರೆ ಬಿರುಕು ಗ್ಯಾರಂಟಿ. ಎಂಜಿನಿಯರನ್ನು ಕೇಳಿಯೇ ಮಾಡಿ.

6. ಟ್ಯಾಂಕೇ ತುಂಬುತ್ತಿಲ್ಲ: ತೆರೆದ ಬಾವಿಯಾದರೆ

ಮೋಟ್ರನ್ನಾಗಲಿ ವೈರನ್ನಾಗಲಿ ಮುಟ್ಟುವ ಮೊದಲು ಮೋಟ್ರಿನ ಮೇನ್ ಆಫ್ ಮಾಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಶಿವರಾತ್ರಿ ಕಳೆದ ಮೇಲೆ ಬರುವ ತೊಂದರೆಗೆ ಹೆಚ್ಚಾಗಿ ಒಂದೇ ಕಾರಣ: ನೀರು ಕೆಳಗಿಳಿದಿದೆ. ಬಾವಿಕಟ್ಟೆಯ ಹತ್ತಿರ ಕೂತಿರುವ ಮೋಟ್ರು ನೀರನ್ನು ಹೀರಿ ಎಳೆಯಬೇಕು. ಅದು ಹೀರುವುದಕ್ಕೆ ಗಾಳಿಯ ಒತ್ತಡವೇ ಆಧಾರ. ಲೆಕ್ಕಕ್ಕೆ 10.3 ಮೀಟರ್, ನಿಜವಾಗಿ ಸಿಗುವುದು 6ರಿಂದ 7 ಮೀಟರ್, ಅಂದರೆ ಇಪ್ಪತ್ತು ಇಪ್ಪತ್ತೆರಡು ಅಡಿ. ಬೆಂಗಳೂರಿನಂಥ ಎತ್ತರದ ಊರಲ್ಲಿ ಇನ್ನೂ ಸುಮಾರು ಒಂದು ಮೀಟರ್ ಕಡಿಮೆ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಮೋಟ್ರಿನಿಂದ ನೀರಿನ ತನಕ ಎಷ್ಟಿದೆ ಅಳೆಯಿರಿ. ಇಪ್ಪತ್ತೆರಡು ಅಡಿ ದಾಟಿದ್ದರೆ ಹೆಚ್‌ಪಿ ಜಾಸ್ತಿ ಮಾಡಿ ಪ್ರಯೋಜನವಿಲ್ಲ, ಹೀರುವ ಮಿತಿಗೂ ಹೆಚ್‌ಪಿಗೂ ಸಂಬಂಧವಿಲ್ಲ. ಮೋಟ್ರನ್ನು ಬಾವಿಯೊಳಗಿನ ಮೆಟ್ಟಿಲಿಗೆ ಇಳಿಸಬೇಕು, ಅಥವಾ ನೀರಲ್ಲೇ ಮುಳುಗಿರುವ ಓಪನ್‌ವೆಲ್ ಸಬ್‌ಮರ್ಸಿಬಲ್ ಹಾಕಬೇಕು. ಎರಡನೆಯದೇ ವಾಸಿ.

ನೀರು ಹತ್ತಿರವೇ ಇದೆ, ಆದರೂ ಪ್ರತಿ ಸಲ ಮೋಟ್ರಿಗೆ ಚೊಂಬಿನಲ್ಲಿ ನೀರು ಹುಯ್ದೇ ಶುರು ಮಾಡಬೇಕು ಅಂದರೆ ಫುಟ್ ವಾಲ್ವ್, ಅಂದರೆ ಬಾವಿಗೆ ಇಳಿದ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್, ಸೋರುತ್ತಿದೆ. ಎಲೆಯೋ ಕಡ್ಡಿಯೋ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ಒಳಗಿನ ರಬ್ಬರ್ ಸವೆದಿರುತ್ತದೆ. ಮೇಲಕ್ಕೆತ್ತಿ ತೊಳೆದು, ರಬ್ಬರ್ ಬದಲಿಸಿ. ಮತ್ತೆ ಇಳಿಸುವಾಗ ತಳದ ಕೆಸರಿನಿಂದ ಒಂದೆರಡು ಅಡಿ ಮೇಲಿರಲಿ.

ಟ್ಯಾಂಕಿಗೆ ಬೀಳುವ ನೀರಿನ ಜೊತೆ ಹಾಲಿನ ಹಾಗೆ ನೊರೆನೊರೆ ಗುಳ್ಳೆ ಬರುತ್ತಿದೆಯೇ? ಬಾವಿಯಿಂದ ಮೋಟ್ರಿಗೆ ನೀರು ಬರುವ ಸಕ್ಷನ್ ಪೈಪು ಎಲ್ಲೋ ಗಾಳಿ ಎಳೆಯುತ್ತಿದೆ. ಇಲ್ಲಿ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಕಣ್ಣಿಗೆ ಕಾಣುವುದಿಲ್ಲ. ಮೋಟ್ರು ಓಡುವಾಗ ಜಾಯಿಂಟುಗಳ ಮೇಲೆ ಸೋಪಿನ ನೊರೆ ಹಚ್ಚಿ. ನೊರೆ ಒಳಗೆ ಎಳೆದುಕೊಂಡ ಜಾಗವೇ ತೂತು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಫುಟ್ ವಾಲ್ವ್ ನೋಡಲು ನೀವಾಗಿ ಬಾವಿಗೆ ಇಳಿಯಬೇಡಿ. ಆಳದ, ಬಹಳ ದಿನ ಬಳಸದ ಬಾವಿಯಲ್ಲಿ ಉಸಿರಾಡುವ ಗಾಳಿಯೇ ಇರದಿರಬಹುದು. ಒಬ್ಬರು ಕುಸಿದರು ಅಂತ ಎತ್ತಲು ಇಳಿದ ಎರಡನೆಯವರೂ ಹೋದ ಸುದ್ದಿ ಪ್ರತಿ ಬೇಸಿಗೆ ಓದುತ್ತೇವೆ. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸುವುದಂತೂ ಬೇಡವೇ ಬೇಡ. ಅದರ ಹೊಗೆ ಅಲ್ಲೇ ತುಂಬಿಕೊಳ್ಳುತ್ತದೆ.

ಬೇಸಿಗೆಯ ತೊಂದರೆ ವರ್ಷವರ್ಷವೂ ಇದ್ದರೆ ಚಾವಣಿಯ ಮಳೆನೀರನ್ನು ಸೋಸಿ ಬಾವಿಗೆ ಬಿಡುವುದನ್ನು ಯೋಚಿಸಿ. 100 ಚದರ ಮೀಟರ್ ಚಾವಣಿಗೆ 1 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಬೀಳುತ್ತದೆ, ಗುಣಿಸಿ ನೋಡಿ.

7. ಬೋರ್ ಆದರೆ

ಮೊದಲು ಸ್ಟಾರ್ಟರಿನ ವೋಲ್ಟ್ ಮೀಟರ್ ನೋಡಿ. ಸಿಂಗಲ್ ಫೇಸಿನಲ್ಲಿ 230ರ ಆಸುಪಾಸು ಇರಬೇಕು. 180ಕ್ಕಿಂತ ಇಳಿದಿದ್ದರೆ ಮೋಟ್ರು ಓಡಿಸಲೇಬೇಡಿ. ಮೋಟ್ರು ಗುಂಯ್ ಅಂದು ಟ್ರಿಪ್ ಆಗುತ್ತಿದ್ದರೆ ಪ್ಯಾನೆಲ್‌ನಲ್ಲಿರುವ ಕೆಪಾಸಿಟರ್ ಹೋಗಿರಬಹುದು. ಮೆಕ್ಯಾನಿಕ್‌ಗಳು ಕಂಡೆನ್ಸರ್ ಅಂತಾರೆ. ಕಡಿಮೆ ಖರ್ಚಿನ ಕೆಲಸ. ಆದರೆ ಕರೆಂಟ್ ತೆಗೆದ ಮೇಲೂ ಅದು ಶಾಕ್ ಹೊಡೆಯುತ್ತದೆ, ಕೈ ಹಾಕಬೇಡಿ.

ತೋಟದ ಮನೆಯವರಿಗೆ ಇನ್ನೊಂದು. ಮೂರು ಫೇಸಿನ ಮೋಟ್ರು ನಿನ್ನೆ ತನಕ ಚೆನ್ನಾಗಿ ಎತ್ತುತ್ತಿತ್ತು, ಇವತ್ತು ಓಡುತ್ತಿದೆ ಆದರೆ ನೀರು ಅರ್ಧಕ್ಕರ್ಧ. ನಡುವೆ ಟ್ರಾನ್ಸ್‌ಫಾರ್ಮರಿನಲ್ಲೋ ಕಂಬದಲ್ಲೋ ಲೈನ್‌ಮ್ಯಾನ್ ಕೆಲಸ ಮಾಡಿದ್ದರೆ ಫೇಸ್ ಅದಲುಬದಲಾಗಿ ಮೋಟ್ರು ಉಲ್ಟಾ ತಿರುಗುತ್ತಿರಬಹುದು. ಉಲ್ಟಾ ತಿರುಗಿದರೂ ಪಂಪು ಸ್ವಲ್ಪ ನೀರು ಕೊಡುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಎಲೆಕ್ಟ್ರಿಷಿಯನ್ ಯಾವುದಾದರೂ ಎರಡು ವೈರ್ ಅದಲುಬದಲು ಮಾಡಿದರೆ ಮುಗಿಯಿತು. ಬೋರಿನೊಳಗಿನ ಪಂಪು ಎತ್ತಿಸುವ ಮೊದಲು ಇದನ್ನು ನೋಡಿಸಿ.

ವೋಲ್ಟೇಜ್ ಸರಿ, ತಿರುಗುವುದೂ ಸರಿ ಅಂದರೆ ಆಂಪ್ ಮೀಟರ್ ನೋಡಿ. ಎಂದಿಗಿಂತ ಕಡಿಮೆ ತೋರಿಸಿದರೆ ಪಂಪಿಗೆ ನೀರು ಸಾಲುತ್ತಿಲ್ಲ. ಜಾಸ್ತಿ ತೋರಿಸಿದರೆ ಮರಳು ಸಿಕ್ಕಿ ಬಿಗಿಯಾಗಿದೆ ಅಥವಾ ಬೇರಿಂಗ್ ಹೋಗಿದೆ.

ಆಮೇಲೆ ಕಿವಿಗೆ ಕೆಲಸ. ಮೋಟ್ರು ಆಫ್ ಇರುವಾಗ ಬೋರಿನ ಬಾಯಿಗೆ ಕಿವಿ ಕೊಡಿ. ಕೆಲವು ಬೋರ್‌ಗಳಲ್ಲಿ ಬಂಡೆಯ ಬಿರುಕಿನಿಂದ ಸದಾ ನೀರು ಬೀಳುವ ಸದ್ದು ಇರುತ್ತದೆ, ಅದು ಸಹಜ. ಈಗ ಮೋಟ್ರು ಹಾಕಿಸಿ ಕೇಳಿ. ಹೊಸದಾಗಿ ಜೋರು ಸದ್ದು ಸೇರಿಕೊಂಡರೆ ಒಳಗಿನ ಪೈಪು ತೂತಾಗಿದೆ ಅಥವಾ ಜಾಯಿಂಟ್ ಸಡಿಲವಾಗಿದೆ. ಎತ್ತಿದ ನೀರು ಅಲ್ಲೇ ವಾಪಸ್ ಬೀಳುತ್ತಿದೆ.

ಮೊದಲ ಹತ್ತು ನಿಮಿಷ ಭರ್ತಿ ಬಂದು ಆಮೇಲೆ ಕೆಮ್ಮುತ್ತಾ ಬಿಟ್ಟು ಬಿಟ್ಟು ಬಂದರೆ ಬೋರಿನಲ್ಲಿ ಒಸರು ಕಡಿಮೆಯಾಗಿದೆ. ಪಂಪು ಎಳೆಯುವಷ್ಟು ನೀರು ಬಂದು ಸೇರುತ್ತಿಲ್ಲ. ಇಲ್ಲಿ ದೊಡ್ಡ ಪಂಪು ಹಾಕಿದರೆ ಇನ್ನೂ ಬೇಗ ಒಣಗುತ್ತದೆ. ಡೆಲಿವರಿ ವಾಲ್ವನ್ನು ಸ್ವಲ್ಪ ಮುಚ್ಚಿ, ನೀರು ನಡುವೆ ನಿಲ್ಲದೆ ಸಣ್ಣಗೆ ಬರುವ ಮಟ್ಟಕ್ಕೆ ತನ್ನಿ. ಇಲ್ಲವೇ ಹತ್ತು ನಿಮಿಷ ಓಡಿಸಿ ಒಂದು ಗಂಟೆ ಬಿಡಿ. ಸ್ಟಾರ್ಟರಿಗೆ ಡ್ರೈ ರನ್ ಕಟ್‌ಆಫ್, ಅಂದರೆ ನೀರಿಲ್ಲದಾಗ ಮೋಟ್ರನ್ನು ತಾನೇ ನಿಲ್ಲಿಸುವ ಸಾಧನ, ಹಾಕಿಸಲೇಬೇಕು. ಈ ಮೋಟ್ರನ್ನು ತಂಪು ಮಾಡುವುದು ಸುತ್ತಲಿನ ನೀರೇ. ನೀರಿಲ್ಲದೆ ಓಡಿದರೆ ಸುಟ್ಟೇ ಹೋಗುತ್ತದೆ.

8. ಪ್ರೆಶರ್ ಪಂಪ್ ಯಾವಾಗ?

ಮೇಲಿನದ್ದೆಲ್ಲ ನೋಡಿದ ಮೇಲೆ, ಟ್ಯಾಂಕ್ ಎತ್ತರಿಸಲು ಜಾಗವೂ ಇಲ್ಲ ಅಂದಾಗ ಮಾತ್ರ. ಟ್ಯಾಂಕಿನಿಂದ ಇಳಿಯುವ ಪೈಪಿಗೆ ಕೂರಿಸುವ ಅರ್ಧ ಹೆಚ್‌ಪಿಯ ಪಂಪು ಒಂದೆರಡು ಬಚ್ಚಲಿಗೆ ಸಾಕು. ಪಕ್ಕದಲ್ಲೇ ವಾಲ್ವ್ ಇರುವ ಬೈಪಾಸ್ ಲೈನ್ ಕೊಡಿಸಿ. ಕರೆಂಟ್ ಹೋದಾಗ ಮಾಮೂಲಿ ನೀರಾದರೂ ಬರಬೇಕಲ್ಲ. ತುಕ್ಕು ಹಿಡಿದ ಜಿಐ ಲೈನಿಗೆ ಹಾಕಿದರೆ ಮೊದಲ ವಾರವೇ ಗೋಡೆ ಒದ್ದೆಯಾಗುತ್ತದೆ. ಹೆಚ್ಚಿನ ಮನೆಗಳ ಸೋಲಾರ್ ಟ್ಯಾಂಕ್ ಒತ್ತಡ ತಡೆಯುವ ಮಾದರಿಯದ್ದಲ್ಲ. ಅದಕ್ಕೆ ಹೋಗುವ ಲೈನಿಗೆ ಈ ಪಂಪನ್ನು ಕೊಡಬೇಡಿ.

ಪ್ರೆಶರ್ ಟ್ಯಾಂಕ್ ಇರುವ ಸೆಟ್ ಈಗಾಗಲೇ ಇದ್ದು, ನಲ್ಲಿ ತೆರೆದಾಗೆಲ್ಲ ಪಂಪು ಟಕ್ ಟಕ್ ಅಂತ ಆನ್ ಆಫ್ ಆಗುತ್ತಿದ್ದರೆ ಟ್ಯಾಂಕಿನ ಗಾಳಿ ಇಳಿದಿದೆ. ಪಂಪಿನ ಮೇನ್ ಆಫ್ ಮಾಡಿ, ನಲ್ಲಿ ತೆರೆದು ಒಳಗಿನ ನೀರೆಲ್ಲ ಹೋಗಲಿ. ಟ್ಯಾಂಕಿನ ತುದಿಯಲ್ಲಿ ಸ್ಕೂಟರ್ ಟೈರಿನಲ್ಲಿರುವಂಥದ್ದೇ ವಾಲ್ವ್ ಇದೆ. ಅದರ ಪಿನ್ ಒತ್ತಿ ನೋಡಿ. ನೀರು ಬಂದರೆ ಒಳಗಿನ ರಬ್ಬರ್ ಚೀಲ ಹರಿದಿದೆ, ಬದಲಿಸಬೇಕು. ಗಾಳಿ ಬಂದರೆ ಪಂಪು ಆನ್ ಆಗುವ ಒತ್ತಡಕ್ಕಿಂತ 0.1ರಿಂದ 0.2 ಬಾರ್ ಕಡಿಮೆ ಇರುವ ಹಾಗೆ ಗಾಳಿ ತುಂಬಿ. ಸೈಕಲ್ ಪಂಪೇ ಸಾಕು.

ಮೆಕ್ಯಾನಿಕ್ ಕರೆಯುವಾಗ

‘ನೀರು ಬರ್ತಿಲ್ಲ’ ಅಂತಷ್ಟೇ ಹೇಳಬೇಡಿ. ಟ್ಯಾಂಕಿಗೆ ನಿಮಿಷಕ್ಕೆ ಎಷ್ಟು ಲೀಟರ್ ಬೀಳುತ್ತಿದೆ, ಮೊದಲು ಎಷ್ಟಿತ್ತು, ವೋಲ್ಟ್ ಎಷ್ಟು, ಆಂಪ್ ಎಷ್ಟು, ಬಾವಿಯಲ್ಲಿ ನೀರು ಎಷ್ಟು ಅಡಿಗಿದೆ ಅಂತ ಹೇಳಿ. ಬೋರ್ ಆದರೆ ಎಷ್ಟು ಅಡಿ ಕೊರೆದಿದ್ದು, ಪಂಪು ಎಷ್ಟು ಅಡಿಗೆ ಇಳಿಸಿದ್ದು, ಪಂಪಿನಲ್ಲಿ ಎಷ್ಟು ಸ್ಟೇಜ್ (ನೀರು ಎತ್ತುವ ಚಕ್ರಗಳ ಸಂಖ್ಯೆ), ಯಾವ ಸೈಜಿನ ಪೈಪು ಅನ್ನುವುದೂ ಬೇಕು. ಬೋರ್ ಎತ್ತಿಸಿದ ದಿನ ಪೈಪುಗಳನ್ನು ಎದುರಿಗೇ ಎಣಿಸಿ ಬರೆದಿಡಿ. ಇಳಿಸುವಾಗ ಮತ್ತೆ ಎಣಿಸಿ.